ಶುಕ್ರವಾರ ಮಾತ್ರ ಗರಗರವಿಲ್ಲ

೧೧ ಫೆಬ್ರವರಿ ೧೯೭೪, ಸೋಮವಾರ

ಬೆಟಗೇರಿಯ ನೂಲಿನ ವ್ಯಾಪಾರಿ ಮರ್ದಾನಸಾಬರ ಫೋನು ಮತ್ತೆ ಕೆಟ್ಟಿದೆ ಎಂದು ದೂರು. ಕೆಟ್ಟಿದೆ ಎನ್ನುವುದೂ ಸರಿಯಲ್ಲ. ಮಾತು ಹೋಗುತ್ತದೆ, ಬರುತ್ತದೆ, ನಡುವೆ ಗರಗರ ಎನ್ನುತ್ತದೆ. ಆಮೇಲೆ ತಾನಾಗಿಯೇ ನಿಲ್ಲುತ್ತದೆ. ಲೈನ್‌ಮನ್ ಕಲ್ಲಣ್ಣನನ್ನು ಕರೆದುಕೊಂಡು ಹೋದೆ. ಕೆಳಗೆ ಅಂಗಡಿ, ಹಿಂದೆ ನೂಲಿಗೆ ಬಣ್ಣ ಹಾಕುವ ಹಂಡೆಗಳು, ಮೇಲೆ ಮನೆ, ತೆರೆದ ಮಾಳಿಗೆ. ಕಲ್ಲಣ್ಣ ಓಣಿಯಲ್ಲಿ ನಿಂತು, ಹೆಂಗಸರು ಮರೆಯಾಗಲೆಂದು, ಎಂದಿನಂತೆ ಕೂಗಿದ: "ಕಂಬಾ ಏರಾಕತ್ತೀನ್ರೀ ಅವ್ವಾರ, ಮರಿ ಆಗ್ರೀ!" ಕಂಬದ ತುದಿಯಿಂದ ಸುತ್ತಲಿನ ಮನೆಗಳ ಮಾಳಿಗೆ, ಹಿತ್ತಲು ಎಲ್ಲ ಕಾಣುತ್ತವೆ. ಕೂಗದೆ ಹತ್ತಿದವನಿಗೆ ಈ ಓಣಿಯಲ್ಲಿ ಕಲ್ಲು ಬಿದ್ದದ್ದುಂಟು.

ಕಂಬದ ಮೇಲೆ ತಂತಿ ಕೂರುವ ಪಿಂಗಾಣಿ ಬಟ್ಟಲು ಒರೆಸಿ, ಜೋಡಣೆ ಬಿಗಿಮಾಡಿ ಇಳಿದ. ರಿಸೀವರ್ ಕಿವಿಗಿಟ್ಟೆ. ಏನೂ ಇಲ್ಲ.

"ನೀವು ಬಂದ್ರ ಸುಮ್ಮನಾಗತೈತಿ ನೋಡ್ರಿ" ಎಂದರು ಮರ್ದಾನಸಾಬರು. "ನೀವು ಓಣಿ ದಾಟಿದ್ರ ಮತ್ತ ಸುರು."

"ಹೆಣ್ಣಿನ ಕಡಿಯವರು ಬಂದಾಗ ವರ ಕುಂಡ್ರತಾನಲ್ರೀ, ಹಂಗ" ಎಂದ ಕಲ್ಲಣ್ಣ. ಅವರು ನಗಲಿಲ್ಲ.

ತುಂಡಾದ ತಂತಿಯ ಮೇಲೆ ನನಗೆ ಗೌರವವಿದೆ. ಅದು ತನ್ನ ಸ್ಥಿತಿಯನ್ನು ಮುಚ್ಚಿಡುವುದಿಲ್ಲ. ಆಗಾಗ ಬಂದು ಹೋಗುವ ದೋಷದ ಜೊತೆ ಬಾಳುವುದು ಕಷ್ಟ. ದೋಷ ಇದೆಯೋ, ದೂರುವವರ ಕಿವಿಯಲ್ಲಿದೆಯೋ ಎಂಬಲ್ಲಿಂದಲೇ ಸುರುಮಾಡಬೇಕಾಗುತ್ತದೆ.

೧೨ ಫೆಬ್ರವರಿ

ಮೇಲಿನ ಕಚೇರಿಯಿಂದ ಕಾಗದ ಬಂದಿದೆ. ಮರ್ದಾನಸಾಬರು ನನಗೆ ಹೇಳದೆ ಅಲ್ಲಿಗೂ ಬರೆದಿದ್ದಾರೆ. ಎಕ್ಸ್‌ಚೇಂಜಿನ ಆಪರೇಟರ್ ರೇಣುಕವ್ವ ತಮ್ಮ ಟ್ರಂಕ್ ಕಾಲುಗಳನ್ನು ಕದ್ದು ಕೇಳುತ್ತಾಳೆ, ಗರಗರ ಬರುವುದು ಅದರಿಂದಲೇ, ಸೊಲ್ಲಾಪುರದ ನೂಲಿನ ದರವನ್ನು ಆಕೆ ಪೈಪೋಟಿಯ ವ್ಯಾಪಾರಿ ಬಾಬಣ್ಣನಿಗೆ ಮುಟ್ಟಿಸುತ್ತಾಳೆ, ಇದು ಆರೋಪ. ಪುರಾವೆ ಒಂದೇ: ವಾರದಲ್ಲಿ ಶುಕ್ರವಾರ ಮಾತ್ರ ಗರಗರ ಇರುವುದಿಲ್ಲ, ಶುಕ್ರವಾರ ರೇಣುಕವ್ವನ ವಾರದ ರಜೆ.

ತಿಂಗಳ ಕೊನೆಯೊಳಗೆ ನಾನು ವರದಿ ಕೊಡಬೇಕು. ಫೋನಿನ ಸಾಲಿನಲ್ಲಿ ದೋಷ ಇಲ್ಲವೆಂದಾದರೆ ಆಕೆಯನ್ನು ಕಾರವಾರಕ್ಕೆ ವರ್ಗ ಮಾಡುತ್ತಾರೆ.

ಆಪರೇಟರ್ ಕದ್ದು ಕೇಳಿದರೆ ದನಿ ಕೊಂಚ ತಗ್ಗಬಹುದು, ಗರಗರ ಬರುವುದಿಲ್ಲ. ಇದು ನನಗೆ ಗೊತ್ತು. ಆದರೆ ಶುಕ್ರವಾರದ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. "ದೋಷ ಕಂಡುಬಂದಿಲ್ಲ" ಎಂಬುದು ನಾನು ಅತ್ಯಂತ ಹೆಚ್ಚು ಸಲ ಬರೆದಿರುವ ವಾಕ್ಯ. ಅದರಲ್ಲಿ ಸುಳ್ಳಿಲ್ಲ. ಆಮೇಲೆ ಯಾರನ್ನು ಎಲ್ಲಿಗೆ ಕಳಿಸುತ್ತಾರೆ ಎಂಬುದು ನನ್ನ ವಿಷಯವಲ್ಲ.

೧೩ ಫೆಬ್ರವರಿ

ಎಕ್ಸ್‌ಚೇಂಜಿಗೆ ಹೋಗಿದ್ದೆ. ಇಷ್ಟು ದಿನ ರೇಣುಕವ್ವ ನನಗೆ ಒಂದು ದನಿ ಮಾತ್ರ. "ನಂಬರ್ ಪ್ಲೀಸ್" ಎನ್ನುವಾಗ ಕೊನೆಯಲ್ಲಿ ಸ್ವಲ್ಪ ಎಳೆಯುವ ದನಿ. ಆಕೆಗೆ ಬಲಗಡೆ ಕಿವಿಯ ಮೇಲೆ ನರೆ ಇದೆ ಎಂಬುದನ್ನು ಇವತ್ತು ನೋಡಿದೆ. ಹೆಡ್‌ಫೋನ್ ಪಟ್ಟಿ ಕೂರುವ ಜಾಗ.

ಕಾಗದದ ವಿಷಯ ಆಕೆಗೆ ಮೊದಲೇ ಗೊತ್ತಿತ್ತು.

"ಕೇಳಸ್ಕೊಳ್ಳೂದ ನನ್ನ ಕೆಲಸ ಐತ್ರಿ ಸರ್. ಊರ ಮಂದೀದೆಲ್ಲಾ ಕೇಳಿ ಕೇಳಿ ಕಿವಿ ಸತ್ತಾವ. ಮತ್ತ ಕದ್ದು ಕೇಳೂ ಚಟಾ ಯಾರಿಗೈತಿ?"

ಕಾರವಾರಕ್ಕೆ ಹಾಕಿದರೆ ಏನು ಮಾಡುತ್ತೀರಿ ಎಂದೆ. ಕೇಳುವ ಅಗತ್ಯವಿರಲಿಲ್ಲ.

"ಹುಬ್ಬಳ್ಳಿ ಆಗಿದ್ರ ರೈಲಿಗೆ ಹೋಗಿ ಬಂದು ಮಾಡತಿದ್ದೆ. ನಮ್ಮವ್ವಗ ಒಂದು ಕೈ, ಒಂದು ಕಾಲು ಹೋಗ್ಯಾವ್ರಿ. ಮಗ್ಗದ ಸಪ್ಪಳ ಕೇಳದಿದ್ರ ನಿದ್ದಿ ಬರಾಂಗಿಲ್ಲ ಆಕಿಗೆ. ಆಕೀನ್ನ ಸಮುದ್ರದ ದಂಡಿಗೆ ಒಯ್ದು ಏನ್ ಮಾಡ್ಲಿ? ರಾಜೀನಾಮಿ ಕೊಟ್ಟು ಮಗ್ಗದಾಗ ಕುಂಡ್ರೂದು. ನೌಕರಿ ಸೇರಿದ ಮ್ಯಾಲ ಕೈ ಮರತಾವ, ಅದೂ ಆಗಾಂಗಿಲ್ಲ."

ಅಷ್ಟರಲ್ಲಿ ಬೋರ್ಡಿನಲ್ಲಿ ದೀಪ ಹತ್ತಿತು. ಮರ್ದಾನಸಾಬರದೇ. "ನಂಬರ್ ಪ್ಲೀಸ್" ಎಂದಳು, ಅದೇ ಎಳೆತದಲ್ಲಿ. ಸಂಪರ್ಕ ಕೊಟ್ಟು, ಮಾತು ತನಗೆ ಕೇಳದಂತೆ ಕೇಳುವ ಕೀಲಿಯನ್ನು ಮೇಲಕ್ಕೆತ್ತಿ, ಎರಡೂ ಕೈಗಳನ್ನು ನನಗೆ ಕಾಣುವಂತೆ ತೊಡೆಯ ಮೇಲೆ ಇಟ್ಟುಕೊಂಡಳು. ಆಕೆ ಹಾಗೆ ತೋರಿಸಬೇಕಾಗಿ ಬರಬಾರದಿತ್ತು ಎನಿಸಿತು.

೧೬ ಫೆಬ್ರವರಿ

ನಿನ್ನೆ ಶುಕ್ರವಾರ. ಗರಗರ ಇಲ್ಲ. ಇವತ್ತು ಇತ್ತು. ಮರ್ದಾನಸಾಬರೇ ನನ್ನ ಕಚೇರಿಗೆ ಫೋನು ಮಾಡಿ ಕೇಳಿಸಿದರು. ನಾವು ಅಲ್ಲಿಗೆ ಹೋಗಿ ಕಲ್ಲಣ್ಣ ಕಂಬ ಹತ್ತುವಷ್ಟರಲ್ಲಿ, ಸ್ವಚ್ಛ.

ಈ ಶಬ್ದಕ್ಕೆ ಅಂಗಡಿಯ ಗುಮಾಸ್ತ ಒಗ್ಗರಣೆ ಎನ್ನುತ್ತಾನೆ. ಚಹದಂಗಡಿಯವ ಜೋಳದ ದಂಟು ಮುರಿದಂತೆ ಎನ್ನುತ್ತಾನೆ. ಮರ್ದಾನಸಾಬರ ಪ್ರಕಾರ ಯಾರೋ ಬಾಯಿ ಮುಚ್ಚಿಕೊಂಡು ನಗುತ್ತಿದ್ದಾರೆ. ನನಗೆ ಹೋಲಿಕೆಗಳು ಬೇಕಿಲ್ಲ. ಗರಗರ, ಬಿಟ್ಟು ಬಿಟ್ಟು, ಗಾಳಿ ಬೀಸಿದಾಗ ಜೋರು, ಸಂಜೆಗೆ ಇಲ್ಲ.

೧೮ ಫೆಬ್ರವರಿ

ಅಂಗಡಿಯ ಎದುರಿನ ಚಹದಂಗಡಿಯಲ್ಲಿ ಕಲ್ಲಣ್ಣನ ಜೊತೆ ಸುಮ್ಮನೆ ಕುಳಿತೆ. ಮರ್ದಾನಸಾಬರಿಗೆ ಸೊಲ್ಲಾಪುರ ಸಿಕ್ಕಿತು. ಮೊದಲ ಮಾತಿಗೇ ನನ್ನ ಬಶಿಯಲ್ಲಿನ ಚಹ ಅಲುಗಿತು ಎಂದರೆ ಉತ್ಪ್ರೇಕ್ಷೆ, ಆದರೆ ಸ್ವಲ್ಪ.

"ಹಲೋ! ಕೇಳಾಕತ್ತೇತೇನ್ರೀ? ಈ ದರಕ್ಕ ಬ್ಯಾಡ್ರಿ! ನಾಕು ದಿನ ತಡೀರಿ! ತಡೀರಿ ಅಂದೆ! ತ-ಡೀ-ರಿ!"

ನನ್ನ ಪಕ್ಕದಲ್ಲಿ ಕೂತು ಬೀಡಿ ಸೇದುತ್ತಿದ್ದವನು ಬಾಬಣ್ಣನ ಗುಮಾಸ್ತ. ಆತ ಚಹ ಪೂರ್ತಿ ಕುಡಿಯದೆ ಎದ್ದುಹೋದ.

"ಅವರು ಸೊಲ್ಲಾಪುರಕ್ಕ ಮಾತಾಡಿದ್ರ ಮುಳಗುಂದಕ್ಕೂ ಕೇಳತೈತ್ರಿ" ಎಂದ ಕಲ್ಲಣ್ಣ. "ಆ ಎಕ್ಸ್‌ಚೇಂಜಿನ ಬಾಯಾರು ಕದ್ದು ಯಾಕ ಕೇಳಬೇಕು, ಕಿಡಕಿ ತಗದ್ರ ಸಾಕಲ್ಲ!"

ಅಂಗಡಿಗೆ ಹೋಗಿ ಮರ್ದಾನಸಾಬರಿಗೆ ಇದನ್ನೇ ಮೆತ್ತಗೆ ಹೇಳಿದೆ. ಅವರ ಮುಖ ಕೆಂಪಾಯಿತು.

"ಗರಗರ ಇದ್ರ ಒದರಬೇಕಲ್ರೀ ಸಾಹೇಬ್ರ! ಸುಮ್ಮನ ಒದರಾಕ ನನಗೇನು ಹುಚ್ಚ ಹಿಡದೇತೇನು? ಗರಗರ ಮಾಡಾಕಿ ಯಾರು, ಅದನ್ನ ಹೇಳ್ರಿ ಮೊದಲ."

ಅದು ನ್ಯಾಯವಾದ ಪ್ರಶ್ನೆ. ನಾನು ಅರ್ಧ ಉತ್ತರ ಹಿಡಿದುಕೊಂಡು ಹೋಗಿದ್ದೆ.

೧೯ ಫೆಬ್ರವರಿ

ಮುಂಡರಗಿ. ಹೊಲದಲ್ಲಿ ಕಂಬ ಬಿದ್ದಿತ್ತು. ನಿಲ್ಲಿಸಿ ಬಂದೆವು. ನಿರಾಳವಾದ ಕೆಲಸ. ಬಸ್ಸಿನಲ್ಲಿ ಬರುತ್ತ ಶುಕ್ರವಾರದ ಬಗ್ಗೆ ಯೋಚಿಸಿದೆ.

೨೧ ಫೆಬ್ರವರಿ

ಮೇಲ್ವಿಚಾರಕರಿಗೆ ಹೇಳಿ ರೇಣುಕವ್ವನ ರಜೆಯನ್ನು ಶುಕ್ರವಾರದಿಂದ ಸೋಮವಾರಕ್ಕೆ ಬದಲಿಸಿದೆ. ಒಂದು ಅಂಶ ಬದಲಿಸಿ ನೋಡುವುದು ನಮ್ಮ ಕ್ರಮ. ಇದರಲ್ಲಿ ಆಕೆಯ ಪಕ್ಷ ವಹಿಸಿದ್ದೇನೂ ಇಲ್ಲ.

೨೨ ಫೆಬ್ರವರಿ, ಶುಕ್ರವಾರ

ರೇಣುಕವ್ವ ಬೆಳಗಿನಿಂದ ಬೋರ್ಡಿನಲ್ಲಿ. ಮರ್ದಾನಸಾಬರ ಸಾಲು ಸ್ವಚ್ಛ. ಆಗಾಗ ನಾನೇ ಪರೀಕ್ಷಿಸಿದೆ. ಗರಗರ ಇಲ್ಲವೇ ಇಲ್ಲ. ಸಂಜೆ ಹೋಗಿ ಹೇಳಿದೆ.

"ತನಿಖಿ ನಡದೈತಿ ಅಂತ ಆಕಿಗೆ ಖಬರ ಐತಿ, ಸುಮ್ಮನ ಕುಂತಾಳ" ಎಂದರು ಮರ್ದಾನಸಾಬರು.

೨೫ ಫೆಬ್ರವರಿ, ಸೋಮವಾರ

ರೇಣುಕವ್ವ ರಜೆ. ಬೋರ್ಡಿನಲ್ಲಿ ಬೇರೆಯವರು. ಬೆಳಗ್ಗೆ ಹತ್ತಕ್ಕೆಲ್ಲ ಗರಗರ.

"ಗೆಳತಿಗೆ ಹೇಳಿ ಹೋಗ್ಯಾಳ" ಎಂದರು ಮರ್ದಾನಸಾಬರು.

ನನಗೆ ಸಿಟ್ಟು ಬಂತು. ಮನುಷ್ಯ ಮೊದಲು ತೀರ್ಮಾನಿಸಿಬಿಟ್ಟರೆ ಪುರಾವೆಗಳು ಆಳುಗಳ ಹಾಗೆ ಬಂದು ಸಾಲಾಗಿ ನಿಲ್ಲುತ್ತವೆ ಎಂದು ಬರೆದು ಹೊಡೆದುಹಾಕಿದ್ದೇನೆ. ಹೋಲಿಕೆ. ಸಿಟ್ಟು ಬಂತು ಎಂದಷ್ಟೇ ಇರಲಿ. ನಾನು ಸಾಮಾನ್ಯವಾಗಿ ಸಿಟ್ಟಾಗುವವನಲ್ಲ, ನೆಗಡಿ ಬರುವ ಲಕ್ಷಣವಿರಬಹುದು.

ಇನ್ನು ಮೂರು ದಿನ. ವರದಿಯ ಹಾಳೆ ತೆಗೆದು ಮೊದಲ ಸಾಲು ಬರೆಯಲು ಕೂತೆ. ಬರೆಯಲಾಗಲಿಲ್ಲ. ಸಂಜೆ ವಾಕಿಂಗ್ ಹೋದವನು ರೇಣುಕವ್ವನ ಓಣಿಯಲ್ಲಿದ್ದೆ. ಆ ಕಡೆ ರಸ್ತೆ ಚೆನ್ನಾಗಿದೆ. ಬಾಗಿಲ ಬಳಿ ಹೊರಸಿನ ಮೇಲೆ ಆಕೆಯ ತಾಯಿ ಸಾವಂತ್ರೆವ್ವ.

"ಯಾರಪಾ ನೀ?"

"ಟೆಲಿಫೋನ್ ಆಫೀಸಿನವ."

"ನನ್ನ ಮಗಳಿಗೆ ವರ್ಗ ಮಾಡಾವ್ರ ಕಡಿಯವನೋ, ಮಾಡದವ್ರ ಕಡಿಯವನೋ?"

ಇಲಾಖೆಯಲ್ಲಿ ಇಷ್ಟು ನೇರವಾಗಿ ಯಾರೂ ಕೇಳಿಲ್ಲ. ಇನ್ನೂ ಗೊತ್ತಿಲ್ಲ ಎಂದೆ. "ಹಂಗಾರ ಗೊತ್ತಾದ ಮ್ಯಾಲ ಚಾ ಕುಡಿಯಾಕ ಬಾ" ಎಂದಳು ಮುದುಕಿ, ಮುಖ ಆ ಕಡೆ ಮಾಡಿಕೊಂಡಳು.

೨೬ ಫೆಬ್ರವರಿ, ಮಂಗಳವಾರ

ಇದನ್ನು ಕ್ರಮವಾಗಿ ಬರೆಯಬೇಕು.

ಮರ್ದಾನಸಾಬರ ಅಂಗಡಿಗೆ ಬೆಳಗ್ಗೆ ಒಬ್ಬನೇ ಹೋದೆ. ಕಲ್ಲಣ್ಣ ಸಾಮಾನು ತರಲು ಹಿಂದೆ ಉಳಿದಿದ್ದ. ರಿಸೀವರ್ ಎತ್ತಿದೆ. ಗರಗರ! ಇಷ್ಟು ದಿನಗಳಲ್ಲಿ ಮೊದಲ ಸಲ ಅದೇ ಜಾಗದಲ್ಲಿ, ಅದೇ ಕಿವಿಯಲ್ಲಿ. ರೇಣುಕವ್ವನಿಗೆ ಕೇಳಿಸುತ್ತಿದೆಯೇ ಎಂದೆ. "ಹೂಂ ಸರ್, ಜೋರೈತ್ರಿ" ಎಂದಳು. ಮರ್ದಾನಸಾಬರು ಎದುರಿಗೇ ನಿಂತಿದ್ದರು, "ಕೇಳಿದ್ರೋ ಇಲ್ಲೋ?" ಎನ್ನುವ ಮುಖದಲ್ಲಿ. ಸಾಲು ಕಡಿಯಬೇಡಿ, ಹೀಗೇ ಇರಲಿ ಎಂದು ರೇಣುಕವ್ವನಿಗೆ ಹೇಳಿ ಕಾದೆ.

ಹೊರಗೆ ಸೈಕಲ್ ನಿಂತ ಸಪ್ಪಳ. ಕಲ್ಲಣ್ಣನ ಕೂಗು: "ಕಂಬಾ ಏರಾಕತ್ತೀನ್ರೀ ಅವ್ವಾರ, ಮರಿ ಆಗ್ರೀ!"

ತಲೆಯ ಮೇಲೆ ಮಾಳಿಗೆಯಲ್ಲಿ ದಡದಡ ಹೆಜ್ಜೆಗಳು. ಬಳೆಗಳು. ಗರಗರ ನಿಂತಿತು.

ಕಿಟಕಿಯಿಂದ ನೋಡಿದೆ. ಕಲ್ಲಣ್ಣ ಇನ್ನೂ ಕಂಬ ಮುಟ್ಟಿರಲಿಲ್ಲ. ಧೋತರ ಕಚ್ಚೆ ಬಿಗಿಯುತ್ತಿದ್ದ.

"ಕಲ್ಲಣ್ಣಾ, ಏರಬ್ಯಾಡ!" ಎಂದು ಕೂಗಿದೆ. ನನಗೆ ಅಷ್ಟು ದೊಡ್ಡ ದನಿ ಇದೆಯೆಂದು ತಿಳಿದಿರಲಿಲ್ಲ.

ಮೆಟ್ಟಿಲಿಳಿದು ಮರ್ದಾನಸಾಬರ ತಾಯಿ ಮೋತಿಬಿ ಬಂದರು. ಮೊಳಕೈವರೆಗೆ ನೀಲಿ ಬಣ್ಣ. ಹೆಗಲ ಮೇಲೆ ಹಸಿ ನೂಲಿನ ಲಡಿಗಳ ಹೊರೆ, ನೀರು ತೊಟ್ಟಿಕ್ಕುತ್ತಿತ್ತು.

"ಏರತೀರೋ ಇಲ್ಲೋ? ಸೊಸೆಂದ್ರು ಮೆಟ್ಲ ಮ್ಯಾಲ ನಿಂತಾರ. ನಮಗೂ ಕೆಲಸ ಐತಿ."

"ಅಮ್ಮಾರ, ಕಲ್ಲಣ್ಣ ಕೂಗಿದ ಕೂಡ್ಲೆ ನೀವೇನ್ ಮಾಡತೀರಿ?"

"ಏನ್ ಮಾಡತೀವಿ? ಲಡಿ ತಗೊಂಡು ಇಳೀತೀವಿ. ಗಂಡಸು ಕಂಬದ ಮ್ಯಾಲ ಇದ್ರ ನಾವು ಮಾಳಗಿ ಮ್ಯಾಲ ಇರತೀವೇನು? ಲಡಿ ಅಲ್ಲೇ ಬಿಟ್ರ ಇಂವನ ಬೂಟಿನ ಧೂಳಿ ಬೀಳತೈತಿ."

"ಲಡಿ ಎಲ್ಲಿ ಒಣಾಕ ಹಾಕತೀರಿ?"

"ಬಿದಿರಿನ ಗಳಕ್ಕ."

"ಗಳಾ ಎಲ್ಲಿ ಇಡತೀರಿ?"

"ಒಂದು ತುದಿ ಗ್ವಾಡಿಗೆ. ಇನ್ನೊಂದು ನಿಮ್ಮ ಕಬ್ಬಿಣಕ್ಕ. ಸರಕಾರದ್ದು, ಗಟ್ಟಿ ಐತಿ."

ನಮ್ಮ ಕಬ್ಬಿಣವೆಂದರೆ ಮಾಳಿಗೆಯ ಗೋಡೆಗೆ ನಾವೇ ಬಡಿದಿರುವ ಬ್ರಾಕೆಟ್. ಕಂಬದಿಂದ ಬರುವ ಎರಡು ಬರಿ ತಂತಿಗಳು ಅಲ್ಲಿಯೇ ಮನೆ ಸೇರುತ್ತವೆ. ಉಪ್ಪು, ಸೋಡಾ ಹಾಕಿದ ಬಣ್ಣದಲ್ಲಿ ಅದ್ದಿದ ಹಸಿ ನೂಲು ಎರಡೂ ತಂತಿಗಳ ಮೇಲೆ ಬೀಳುತ್ತದೆ, ಗಾಳಿಗೆ ಅಲ್ಲಾಡುತ್ತದೆ. ಒಂದು ತಂತಿಯ ಮಾತು ನೂಲಿನ ಮೂಲಕ ಇನ್ನೊಂದಕ್ಕೆ ಸೋರುತ್ತದೆ. ಸಂಜೆಗೆ ಒಣಗಿದ ಮೇಲೆ ಗರಗರವಿಲ್ಲ. ನಾವು ಕೂಗಿದ ಮೇಲೆ ನೂಲೇ ಇಲ್ಲ. ದೋಷ ಹುಡುಕಲು ಹೋದಾಗಲೆಲ್ಲ ನಾವೇ ಅದಕ್ಕೆ ಮರೆಯಾಗು ಎಂದು ಕೂಗಿ ಹೇಳುತ್ತಿದ್ದೆವು.

"ಶುಕ್ರವಾರ?" ಎಂದೆ.

"ಜುಮ್ಮಾ ದಿವಸ ಹಂಡೆ ಹತ್ತಸಾಂಗಿಲ್ರೀ ನಾವು" ಎಂದರು ಮೋತಿಬಿ, ಇಷ್ಟೂ ತಿಳಿಯದವನನ್ನು ನೋಡುವಂತೆ.

ಯಾರೂ ಕಂಬ ಏರುವುದಿಲ್ಲ, ಮೇಲೆ ಹೋಗಿ ಲಡಿ ಹಾಕಿ, ಕೂಗಿ ಹೇಳಿ, ಆಮೇಲೆ ತೆಗೆಯಿರಿ ಎಂದು ಬೇಡಿಕೊಂಡೆ. ಮೇಲಿನಿಂದ "ಹಾಕಿದ್ವೀ!" ಎಂದು ದನಿ ಬಂತು. ಗರಗರ. "ಬಂತ್ರಿ ಸರ್" ಎಂದಳು ರೇಣುಕವ್ವ. "ತಗದ್ವೀ!" ನಿಶ್ಶಬ್ದ. "ಹೋತ್ರಿ ಸರ್." ಮತ್ತೆ ಹಾಕಿಸಿದೆ, ತೆಗೆಸಿದೆ. ಸೊಸೆಯಂದಿರಿಗೆ ಆಟವಾಗಿ ನಗು ಕೇಳಿಸುತ್ತಿತ್ತು. ಕಡೆಗೆ ಸಾಕು ಎಂದೆ.

"ಇನ್ನೊಂದ್ಸಲ ಹಾಕಸ್ರಿ ಸರ್" ಎಂದಿತು ಫೋನಿನೊಳಗಿನ ದನಿ.

"ಯಾಕ? ಖಾತ್ರಿ ಆತಲ್ಲ."

"ಖಾತ್ರಿ ಆತ್ರಿ. ಸುಮ್ಮನ ಕೇಳಬೇಕು ಅನಸ್ತು."

ಹಾಕಿಸಿದೆ. ಇಬ್ಬರೂ ಸ್ವಲ್ಪ ಹೊತ್ತು ಗರಗರ ಕೇಳಿಸಿಕೊಂಡೆವು.

ಮರ್ದಾನಸಾಬರು ಗಲ್ಲಾಪೆಟ್ಟಿಗೆಯ ಹಿಂದೆ ಕೂತುಬಿಟ್ಟಿದ್ದರು. "ಅಮ್ಮಾ, ನೀ ಆದ್ರೂ ಹೇಳಬೇಕಿಲ್ಲ?" ಎಂದರು.

"ನೀ ಕೇಳಿದೇನಲೇ? ಆ ಬಾಯೀನ್ನ ಬೈಕೋಂತ ಕುಂತಿದ್ದಿ. ಒಂದಿನ ಆದ್ರೂ ಮಾಳಗಿ ಏರಿ ನೋಡಿದೇನು?"

೨೭ ಫೆಬ್ರವರಿ

ಬೆಳಗ್ಗೆ ಮರ್ದಾನಸಾಬರು ನನ್ನ ಕೋಣೆಗೇ ಬಂದರು. ನಿನ್ನೆಗಿಂತ ಸಣ್ಣವರಾಗಿ ಕಂಡರು. ವರದಿಯಲ್ಲಿ ಏನು ಬರೆಯುತ್ತೀರಿ ಎಂದರು. ಕಂಡದ್ದನ್ನು ಎಂದೆ.

"ನಮ್ಮ ಮನಿ ಹೆಣಮಕ್ಕಳ ಹೆಸರು ಸರಕಾರದ ಕಾಗದದಾಗ ಬರಬಾರದ್ರೀ ಸಾಹೇಬ್ರ. ಗಾಳಿ ಅಂತ ಬರೀರಿ. ಕಾಗಿ ಗೂಡು ಅಂತ ಬರೀರಿ."

"ರೇಣುಕವ್ವನ ಹೆಸರು ಬಂದೈತಲ್ಲ" ಎಂದೆ. "ಆಕೀನೂ ಒಬ್ಬರ ಮನಿ ಹೆಣಮಗಳ."

ಹೀಗೆ ಮಾತಾಡುವುದು ನನ್ನ ಅಧಿಕಾರದ ವ್ಯಾಪ್ತಿಯಲ್ಲಿಲ್ಲ. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ದೂರು ವಾಪಸು ಪಡೆಯುವ ಕಾಗದಕ್ಕೆ ಇಲ್ಲೇ ಸಹಿ ಹಾಕಿದರು. "ಆದ್ರ ಎಕ್ಸ್‌ಚೇಂಜಿಗೆ ಹೋಗಿ ಮಾಫಿ ಕೇಳಂದ್ರ ಆಗಾಂಗಿಲ್ರೀ. ಇಷ್ಟ ವರ್ಷದಾಗ ಕೇಳಿಲ್ಲ, ಹೆಂಗ ಕೇಳಬೇಕಂತ ಗೊತ್ತಿಲ್ಲ" ಎಂದರು. ಅದು ಖರೆ ಇರಬೇಕು.

ವರದಿ ಬರೆದೆ. "ದೋಷ ಕಂಡುಬಂದಿದೆ." ಮನೆಬಳಕೆಯ ಬಿದಿರಿನ ಗಳ, ಹಸಿ ನೂಲು, ಬ್ರಾಕೆಟ್. ಯಾರ ಹೆಸರೂ ಇಲ್ಲ. ಆಪರೇಟರಿಗೂ ದೋಷಕ್ಕೂ ಸಂಬಂಧವಿಲ್ಲವೆಂದು ಬೇರೆ ಪ್ಯಾರಾ. ಓದಿ ನೋಡಿದರೆ ಅಗತ್ಯಕ್ಕಿಂತ ಉದ್ದವಾಗಿದೆ. ಬಿಟ್ಟೆ.

೧ ಮಾರ್ಚ್

ಕಲ್ಲಣ್ಣನಿಂದ ಮಾಳಿಗೆಯ ಇನ್ನೊಂದು ಮೂಲೆಗೆ, ತಂತಿಯಿಂದ ದೂರ, ಗಳ ಇಡಲು ಒಂದು ಕಬ್ಬಿಣದ ಕೊಕ್ಕೆ ಹೊಡೆಸಿಕೊಟ್ಟೆ. ಇವತ್ತು ಜುಮ್ಮಾ, ಹಂಡೆ ಆರಿತ್ತು, ಅನುಕೂಲವಾಯಿತು. ಕಬ್ಬಿಣ ಹಳೆಯದು, ಗೋದಾಮಿನಲ್ಲಿ ಬಿದ್ದಿತ್ತು. "ಇದೂ ಸರಕಾರದ್ದೇನು?" ಎಂದು ಒಳಗಿನಿಂದ ಮೋತಿಬಿ ಕೇಳಿದರು. ಹೌದೆಂದೆ. "ಹಂಗಾರ ಗಟ್ಟಿ ಇರತೈತಿ" ಎಂದರು.

೨ ಮಾರ್ಚ್

ಹಂಡೆ ಹತ್ತಿಸಿದ್ದಾರೆ. ಲಡಿ ಹೊಸ ಕೊಕ್ಕೆಯ ಮೇಲಿದೆ. ಸಾಲು ಸ್ವಚ್ಛ. ಮರ್ದಾನಸಾಬರು ಮಾತ್ರ ಅದೇ ದನಿಯಲ್ಲಿ ಒದರುತ್ತಿದ್ದಾರೆ. ಅಭ್ಯಾಸ. ಚಹದಂಗಡಿಯವ ಕೈಮುಗಿದು "ಮೆತ್ತಗ್ರೀ ಸಾಬರ, ಮೆತ್ತಗ" ಎಂದನಂತೆ.

೬ ಮಾರ್ಚ್, ಬುಧವಾರ

ಮಧ್ಯಾಹ್ನದ ಟಪಾಲಿನಲ್ಲಿ ಉತ್ತರ ಬಂತು. ವರ್ಗಾವಣೆಯ ಪ್ರಸ್ತಾಪ ಕೈಬಿಡಲಾಗಿದೆ.

ಪೇದೆಯ ಕೈಲಿ ಕಳಿಸಬಹುದಿತ್ತು. ನಾನೇ ಹೋದೆ. ರೇಣುಕವ್ವ ಒಬ್ಬಳೇ ಬೋರ್ಡಿನಲ್ಲಿದ್ದಳು, ಎರಡೂ ಕೈಯಲ್ಲಿ ವಾಯರುಗಳು, ಕಾಗದ ಹಿಡಿಯುವಂತಿರಲಿಲ್ಲ. ಪಕ್ಕದಲ್ಲಿ ನಿಂತು ಓದಿ ಹೇಳಿದೆ. ಸರಕಾರಿ ಇಂಗ್ಲಿಷ್ ಆದ್ದರಿಂದ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದೆ. "ನೀವು ಇಲ್ಲೇ ಇರತೀರಿ" ಎಂದೆ, ಕಾಗದದಲ್ಲಿ ಹಾಗೆ ಬರೆದಿರಲಿಲ್ಲ.

ಆಕೆ ನನ್ನ ಕಡೆ ನೋಡಲಿಲ್ಲ. ದೀಪ ಹತ್ತಿತು, "ನಂಬರ್ ಪ್ಲೀಸ್" ಎಂದಳು. ಈ ಸಲ ಎಳೆತ ಬರಲಿಲ್ಲ, ದನಿ ನಡುವೆ ಮುರಿಯಿತು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಲೇ ವಾಯರು ಸಿಕ್ಕಿಸಿದಳು, ಘಂಟೆ ಕೊಟ್ಟಳು. ಆಮೇಲೆ ಬೋರ್ಡನ್ನು ನೋಡಿ ಬೆಚ್ಚಿದಳು.

"ಅಯ್ಯ ಸರ್! ಮರ್ದಾನಸಾಬರು ಕೇಳಿದ್ದು ಬಣ್ಣದ ಅಂಗಡಿ. ನಾ ಬಾಬಣ್ಣಾರಿಗೆ ಕೊಟ್ಟೇನಿ!"

ತೆಗೆಯಲು ಕೈ ಚಾಚಿದಳು. ಅಷ್ಟರಲ್ಲಿ ಆ ಕಡೆ ರಿಸೀವರ್ ಎತ್ತಿಯಾಗಿತ್ತು. ಹೆಡ್‌ಫೋನಿನಿಂದ ನನಗೂ ಕೇಳುವಷ್ಟು ಜೋರಾಗಿ ಮರ್ದಾನಸಾಬರು "ಹಲೋ! ಯಾರು?" ಎಂದರು. ಬಾಬಣ್ಣನ ಹೆಸರು ಬಂತು. ಆಮೇಲೆ ಇಬ್ಬರೂ ಸುಮ್ಮನಾದರು. ಸಾಲು ಎಷ್ಟು ಸ್ವಚ್ಛವಾಗಿತ್ತೆಂದರೆ ಆ ಸುಮ್ಮನಿರುವುದೂ ಕೇಳುತ್ತಿತ್ತು.

"ಬಾಬಣ್ಣ" ಎಂದರು ಮರ್ದಾನಸಾಬರು. ಮೆತ್ತಗಿನ ದನಿ. ಅವರಿಗೆ ಅಂಥದೊಂದು ದನಿ ಇದೆಯೆಂದು ಓಣಿಗೆ ಗೊತ್ತಿರಲಿಕ್ಕಿಲ್ಲ. "ಆ ಎಕ್ಸ್‌ಚೇಂಜಿನ ಬಾಯಾರ ಮ್ಯಾಲ ನಾ ತಪ್ಪು ಹೊರಸಿದ್ದೆ. ನಿನ್ನ ಮ್ಯಾಲೂ."

ರೇಣುಕವ್ವ ಕೇಳುವ ಕೀಲಿಯನ್ನು ಮೇಲಕ್ಕೆತ್ತಿದಳು. ಮುಂದೆ ಏನಾಯಿತೋ ಇಬ್ಬರಿಗೂ ತಿಳಿಯಲಿಲ್ಲ. ಕೀಲಿ ಆಕೆಯ ಬೆರಳ ಬಳಿಯೇ ಇತ್ತು. ಒತ್ತಿದ್ದರೆ ತಿಳಿಯುತ್ತಿತ್ತು.

ಮಾತು ಮುಗಿಸಿ ಯಾರಾದರೂ ರಿಸೀವರ್ ಇಟ್ಟರೆ ಅವರ ವಾಯರಿನ ದೀಪ ಹತ್ತುತ್ತದೆ. ಆಕೆ ಬೇರೆ ಬೇರೆ ಸಾಲುಗಳಿಗೆ ಸಂಪರ್ಕ ಕೊಡುತ್ತ ಹೋದಳು. ನಾನು ಸ್ಟೂಲು ಎಳೆದುಕೊಂಡು ಕುಳಿತೆ. ಬಹಳ ಹೊತ್ತಿನವರೆಗೆ ಆ ಎರಡು ದೀಪಗಳಲ್ಲಿ ಒಂದೂ ಹತ್ತಲಿಲ್ಲ.